ಸಿಲಿಂಡರ್ ತೂಗಿದ ಮೇಲೆ ಬದಲಾದ ಲೆಕ್ಕ

ಎಲೆಕ್ಟ್ರಾನಿಕ್ ಪರದೆಗಳನ್ನು (ಡಿಸ್ಪ್ಲೇ) ತಯಾರಿಸುವ ದೊಡ್ಡ ಕಂಪನಿಯೊಂದರ ಪರಿಸರ ವಿಭಾಗದಲ್ಲಿದ್ದಾಗ, ವಾರ್ಷಿಕ ಸುಸ್ಥಿರತಾ ವರದಿಗೆ ಹಸಿರುಮನೆ ಅನಿಲಗಳ ಲೆಕ್ಕ ಒಪ್ಪಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಮೊದಲ ವರ್ಷ ನಾನು ಮಾಡಿದ್ದು ಬರೀ ಗುಮಾಸ್ತಿಕೆ. ಪರದೆ ತಯಾರಿಕೆಗೆ ಬಳಸುವ ಅನಿಲದ ತೂಕವನ್ನು ಖರೀದಿ ವಿಭಾಗದ ಬಿಲ್ಲುಗಳಿಂದ ತೆಗೆದುಕೊಂಡು, ಸಿಲಿಂಡರಿನಲ್ಲಿ ಶೇ. 10ರಷ್ಟು ಬಳಕೆಯಾಗದೆ ಉಳಿಯುತ್ತದೆಂಬ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಮಾರ್ಗಸೂಚಿಯ ಸಿದ್ಧ ಅಂಕಿಯನ್ನು ಕಳೆದು, ಮಿಕ್ಕಿದ್ದನ್ನು ಸೂತ್ರಕ್ಕೆ ಹಾಕಿದ್ದೆ.

ಎರಡನೆಯ ವರ್ಷ ಉಗ್ರಾಣಕ್ಕೆ ಹೋಗಿ, ವಾಪಸ್ ಹೋಗಲಿದ್ದ ಸಲ್ಫರ್ ಹೆಕ್ಸಾಫ್ಲೋರೈಡ್ ಸಿಲಿಂಡರೊಂದನ್ನು ತೂಗಿಸಿದೆ. 50 ಕಿಲೋ ತುಂಬಿದ್ದ ಅದರಲ್ಲಿ 5 ಕಿಲೋ ಉಳಿದಿರಬೇಕಿತ್ತು. ತಕ್ಕಡಿ ತೋರಿಸಿದ್ದು 8. ಒತ್ತಡ ಇಳಿದು ಉತ್ಪಾದನೆ ನಿಂತೀತೆಂಬ ಭಯದಿಂದ ಕೆಲಸಗಾರರು ಸಿಲಿಂಡರುಗಳನ್ನು ಬೇಗನೆ ಬದಲಿಸುತ್ತಿದ್ದರು. ಮೂರು ಕಿಲೋ ಅಲ್ಪವೆನಿಸಬಹುದು, ಆದರೆ ಐಪಿಸಿಸಿಯ ಐದನೆಯ ವರದಿಯ ಪ್ರಕಾರ ನೂರು ವರ್ಷಗಳ ಅವಧಿಯಲ್ಲಿ ಈ ಅನಿಲದ ಒಂದು ಕಿಲೋ 23,500 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಆ ಒಂದೇ ಸಿಲಿಂಡರಿನ ಬಾಬ್ತು ಬಳಕೆಯ ಲೆಕ್ಕ 70 ಟನ್ನಿಗೂ ಹೆಚ್ಚು ಉಬ್ಬಿತ್ತು. ಮೇಲಧಿಕಾರಿಗಳಿಗೆ ಈ ಸುದ್ದಿ ಹಿಡಿಸಿತು.

ಹಿಡಿಸದ ಸುದ್ದಿ ಆಮೇಲೆ ಸಿಕ್ಕಿತು. ಯಂತ್ರದಿಂದ ಹೊರಬರುವ ಅನಿಲವನ್ನು ಸುಡುವ ಘಟಕ ವರ್ಷವಿಡೀ ಚಾಲೂ ಇರುತ್ತದೆಂದು ನಮ್ಮ ಲೆಕ್ಕ ನಂಬಿತ್ತು. ನಿರ್ವಹಣಾ ವಿಭಾಗದ ದಾಖಲೆ ತಿರುವಿದರೆ, ಘಟಕವನ್ನು ಶುಚಿಗೊಳಿಸುವಾಗಲೆಲ್ಲ ಅನಿಲವನ್ನು ಬೈಪಾಸ್ ಕೊಳವೆಗೆ ತಿರುಗಿಸಿ ನೇರವಾಗಿ ಹೊರಬಿಟ್ಟಿದ್ದರು. ಘಟಕ ನಿಜಕ್ಕೂ ಎಷ್ಟು ಹೊತ್ತು ಕೆಲಸ ಮಾಡಿತೆಂಬುದನ್ನು ಐಪಿಸಿಸಿಯ 2019ರ ಪರಿಷ್ಕೃತ ಮಾರ್ಗಸೂಚಿ ಸೂತ್ರದಲ್ಲೇ ಕೇಳುತ್ತದೆ. ಅದನ್ನು ಸೇರಿಸಿದಾಗ ತಕ್ಕಡಿಯಲ್ಲಿ ಗಳಿಸಿದ್ದಷ್ಟೂ ಕರಗಿ, ಮೇಲೆ ಇನ್ನಷ್ಟು ಸೇರಿತು. ಮೊದಲನೆಯ ತಿದ್ದುಪಡಿಯನ್ನು ಈ ವರ್ಷವೇ ಹಾಕಿ, ಎರಡನೆಯದನ್ನು ‘ಇನ್ನೂ ಪರಿಶೀಲಿಸಿ’ ಎಂಬ ಸಲಹೆ ಬಂತು. ಎರಡೂ ಒಟ್ಟಿಗೆ ಹೋಗಬೇಕು, ಇಲ್ಲವೇ ಎರಡೂ ಬೇಡ ಎಂದು ನಾನು ಪಟ್ಟು ಹಿಡಿದೆ. ಏರಿಳಿತ ಅಳೆಯಲು ಹೋಲಿಕೆಗೆ ಇಟ್ಟುಕೊಂಡ ಆಧಾರ ವರ್ಷದ ಅಂಕಿಯನ್ನೂ ಅದೇ ವಿಧಾನದಲ್ಲಿ ತಿದ್ದದಿದ್ದರೆ ಹೋಲಿಕೆಗೇ ಅರ್ಥವಿರುತ್ತಿರಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಇಷ್ಟು ಜಗ್ಗಾಟವಾಗಲಿಲ್ಲ. ಕೊಂಡ ವಿದ್ಯುತ್ತಿನ ಹೊರಸೂಸುವಿಕೆಯನ್ನು ಎರಡು ರೀತಿ ಲೆಕ್ಕ ಹಾಕಬಹುದು. ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ ಕೊಂಡರೆ ಒಂದು ಅಂಕಿ ಇಳಿಯುತ್ತದೆ, ಸ್ಥಳೀಯ ಜಾಲದ ಸರಾಸರಿಯಿಂದ ತೆಗೆದ ಅಂಕಿ ಕದಲುವುದಿಲ್ಲ. ಜಿಎಚ್‌ಜಿ ಪ್ರೋಟೋಕಾಲ್ ಎಂಬ, ಹಸಿರುಮನೆ ಅನಿಲ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡದ 2015ರ ಮಾರ್ಗದರ್ಶಿ ಎರಡನ್ನೂ ಕೊಡಬೇಕೆನ್ನುವುದರಿಂದ ಒಂದೇ ಪುಟದಲ್ಲಿ ಅಕ್ಕಪಕ್ಕ ಹಾಕಿದೆವು. ಮಾರಿದ ಪರದೆಗಳು ಗ್ರಾಹಕರ ಬಳಿ ಉಣ್ಣುವ ವಿದ್ಯುತ್ತಿನ ಲೆಕ್ಕವಂತೂ ದಿನಕ್ಕೆ ಎಷ್ಟು ಗಂಟೆ ಉರಿಯುತ್ತವೆಂಬ ಊಹೆಯ ಮೇಲೆಯೇ ನಿಂತಿದೆ. ಆ ಊಹೆ ಏನೆಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಿದ್ದಷ್ಟೇ ನನ್ನ ಸಾಧನೆ.

ವರದಿ ಹೊರಬಂದಾಗ ಆಧಾರ ವರ್ಷದ ಅಂಕಿ ಏರಿತ್ತು, ಪಕ್ಕದಲ್ಲಿ ಕಾರಣ ಬರೆದಿತ್ತು. ಅನಿಲ ಸುಡುವ ಘಟಕದ ಬಾಗಿಲಿಗೆ ಈಗ ಒಂದು ಪುಸ್ತಕ ತೂಗುಹಾಕಿದ್ದಾರೆ. ಬೈಪಾಸ್ ತೆರೆದ ಮತ್ತು ಮುಚ್ಚಿದ ಹೊತ್ತನ್ನು ಪಾಳಿಯವರು ಅದರಲ್ಲಿ ಬರೆಯುತ್ತಾರೆ.