ತಿನ್ನದೆ ಉಳಿದ ಹುಳುವನ್ನು ನಾನು ಗಾಜಿನ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ

ಹಲ್ಲಿ ಸಾಕುವವರು ಆಹಾರದ ಹುಳುಗಳ ಬಗ್ಗೆ ಮೊದಲು ವಿಚಾರಿಸುವುದು ಅವನ್ನು ಎಲ್ಲಿಂದ ತರಬೇಕು ಎಂದು. ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಹಲ್ಲಿ ತಿನ್ನದೆ ಬಿಟ್ಟ ಹುಳು ರಾತ್ರಿಯೆಲ್ಲ ಪೆಟ್ಟಿಗೆಯೊಳಗೆ ಏನು ಮಾಡುತ್ತದೆ ಎಂಬ ಬಗ್ಗೆ.

ಮಿಡತೆಯಂತೆ ಜಿಗಿಯುವ ಕ್ರಿಕೆಟ್ ಹುಳುವಿಗೆ ಸಿಕ್ಕಿದ್ದೆಲ್ಲ ಊಟವೇ. ಮೂಲೆಯಲ್ಲಿ ಹಲ್ಲಿಯ ಹಿಕ್ಕೆ ಬಿದ್ದಿದ್ದರೆ ಅದನ್ನೂ ಮೆಲ್ಲುತ್ತದೆ. ಹಿಕ್ಕೆಯಲ್ಲಿ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರೋಪಜೀವಿಗಳೋ ಪಿನ್‌ವರ್ಮ್ ಎಂಬ ಕರುಳಿನ ಸಣ್ಣ ಜಂತುವಿನ ಮೊಟ್ಟೆಗಳೋ ಇದ್ದರೆ ಅವು ಹುಳುವಿನ ಹೊಟ್ಟೆಯಲ್ಲೋ ಕಾಲಿನಲ್ಲೋ ಅಂಟಿಕೊಂಡು ಮತ್ತೆ ಹಲ್ಲಿಯ ಬಾಯಿ ಸೇರುತ್ತವೆ. ಈ ಎರಡೂ ಬೆಳೆಯಲು ನಡುವೆ ಇನ್ನೊಂದು ಜೀವಿ ಬೇಕಿಲ್ಲ. ಹಾಗಾಗಿ ಒಂಟಿಯಾಗಿರುವ ಹಲ್ಲಿಯೂ ತನ್ನ ಸೋಂಕನ್ನು ತಾನೇ ನುಂಗುತ್ತ ಹೋಗುತ್ತದೆ. ಅಲ್ಪಸ್ವಲ್ಪ ಇದ್ದದ್ದು ದಿನದಿನಕ್ಕೆ ಏರುತ್ತದೆ. ಬಿಯರ್ಡೆಡ್ ಡ್ರ್ಯಾಗನ್ ಎಂಬ ಜಾತಿಯ ಹಲ್ಲಿಮರಿಗಳನ್ನು ಕಾಕ್ಸಿಡಿಯಾ ಹೈರಾಣ ಮಾಡುವುದು ಹೀಗೆ.

ಆದ್ದರಿಂದ ಹುಳುಗಳನ್ನು ಚಿಮಟದಲ್ಲಿ ಹಿಡಿದು ಒಂದೊಂದಾಗಿ ಕೊಡುತ್ತೇನೆ. ಚಿಮಟ ಕಂಡರೆ ಅಂಜುವ ಲೆಪರ್ಡ್ ಗೆಕ್ಕೊ ಜಾತಿಯ ಹಲ್ಲಿಗೆ ನುಣುಪಾದ ಅಂಚಿನ ಬಟ್ಟಲಿನಲ್ಲಿ ಮೀಲ್‌ವರ್ಮ್ ಎಂಬ ತೆವಳುವ ಹುಳುಗಳನ್ನು ಇಡುತ್ತೇನೆ, ಅವು ಹತ್ತಿ ಹೊರಬರಲಾರವು. ಬಿಟ್ಟೇ ತಿನ್ನಿಸಬೇಕಾದಾಗ ಊಟ ಮುಗಿದ ಮೇಲೆ ಟಾರ್ಚ್ ಹಿಡಿದು ಹುಡುಕುತ್ತೇನೆ. ನೀರಿನ ಬಟ್ಟಲನ್ನು ಎತ್ತಿದರೆ ಅದರಡಿಯ ತೇವದಲ್ಲಿ ಮೀಸೆ ಆಡಿಸುತ್ತ ಒಂದು ಕ್ರಿಕೆಟ್ ಇದ್ದೇ ಇರುತ್ತದೆ. ಅದನ್ನು ಹುಳುಗಳ ಡಬ್ಬಿಗೆ ಮರಳಿ ಹಾಕುವಂತಿಲ್ಲ, ಏಕೆಂದರೆ ಆ ಡಬ್ಬಿಯಿಂದ ಉಳಿದ ಹಲ್ಲಿಗಳೂ ತಿನ್ನುತ್ತವೆ. ಅದು ಫ್ರೀಜರಿಗೆ ಹೋಗುತ್ತದೆ, ಆಮೇಲೆ ಕಸಕ್ಕೆ. ಉಳಿತಾಯವೆಂದು ಮರಳಿ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲೆಪರ್ಡ್ ಗೆಕ್ಕೊಗಳ ವಿಷಯದಲ್ಲಿ ನನ್ನ ದೊಡ್ಡ ಭಯ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮ ಪರೋಪಜೀವಿ. ಅದು ತಗಲಿದರೆ ಕೊಬ್ಬು ತುಂಬಿದ ಬಾಲ ಕಡ್ಡಿಯಂತಾಗುತ್ತದೆ, ನೆಚ್ಚಬಹುದಾದ ಔಷಧವಿಲ್ಲ, ಮನೆಯಲ್ಲಿ ಬಳಸುವ ಬ್ಲೀಚಿಗೂ ಅದು ಜಗ್ಗುವುದಿಲ್ಲ. ಹೊಸದಾಗಿ ಬಂದ ಹಲ್ಲಿಯನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿಡುತ್ತೇನೆ. ಅದಕ್ಕೆ ಚಿಮಟವೂ ಬೇರೆ, ಹುಳುಗಳ ಡಬ್ಬಿಯೂ ಬೇರೆ.

ಹುಳುಗಳೇ ಹೊತ್ತು ತರುವ ರೋಗಗಳನ್ನೂ ಕಡೆಗಣಿಸುವಂತಿಲ್ಲ. ಮಧ್ಯ ಯುರೋಪಿನ 300 ಹುಳು ಸಾಕಣೆ ಕೇಂದ್ರಗಳು ಮತ್ತು ಸಾಕುಪ್ರಾಣಿ ಅಂಗಡಿಗಳ ಹುಳುಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 244 ಕಡೆ ಪರೋಪಜೀವಿಗಳು ಸಿಕ್ಕಿದ್ದವು. ಅವುಗಳಲ್ಲಿ ಹಲವು ಹುಳುಗಳನ್ನಷ್ಟೇ ಕಾಡುವಂಥವು. ಆದರೆ 106 ಕಡೆ ಪ್ರಾಣಿಗಳಿಗೂ ತಗಲಬಲ್ಲವು ಇದ್ದವು. ಬಯಲಿನಲ್ಲಿ ಹಿಡಿದ ಹುಳುಗಳನ್ನಂತೂ ನಾನು ಕೊಡುವುದೇ ಇಲ್ಲ. ಹಲ್ಲಿಯ ಹೊಟ್ಟೆಯ ಗೋಡೆಗೆ ಕಚ್ಚಿಕೊಳ್ಳುವ ಫೈಸಲಾಪ್ಟೆರಾ ಎಂಬ ಜಂತುವಿನ ಮರಿಗಳು ಬೆಳೆಯುವುದೇ ಕ್ರಿಕೆಟ್, ಜಿರಲೆಗಳಂಥ ಕೀಟಗಳೊಳಗೆ. ಕೀಟನಾಶಕದ ಅಪಾಯ ಬೇರೆ.

ಹಿಕ್ಕೆಯ ಪರೀಕ್ಷೆಯನ್ನು ಓದುವಾಗಲೂ ಹುಳುಗಳನ್ನು ನೆನಪಿಡಬೇಕು. ಕೀಟಗಳಲ್ಲಷ್ಟೇ ಬದುಕುವ ಗ್ರೆಗರೈನ್ ಎಂಬ ಸೂಕ್ಷ್ಮ ಪರೋಪಜೀವಿಗಳು, ಜಿರಲೆಯ ಪಿನ್‌ವರ್ಮ್ ಮೊಟ್ಟೆಗಳು ಹಲ್ಲಿಯ ಕರುಳಿನ ಮೂಲಕ ಸುಮ್ಮನೆ ಹಾದುಬಂದು ಸೂಕ್ಷ್ಮದರ್ಶಕದಡಿ ಕಾಣಿಸುತ್ತವೆ. ಅವಕ್ಕೆ ಔಷಧ ಬೇಡ. ಹಾಗಾಗಿ ಹಲ್ಲಿಗೆ ಯಾವ ಹುಳು ಕೊಡುತ್ತೇನೆಂದು ವೈದ್ಯರು ಕೇಳದಿದ್ದರೂ ಹೇಳುತ್ತೇನೆ. ಪರೋಪಜೀವಿಗಳು ಪ್ರತಿದಿನ ಹಿಕ್ಕೆಯಲ್ಲಿ ಹೊರಬರುವುದಿಲ್ಲವಾದ್ದರಿಂದ ಒಂದು ವರದಿ ಶುದ್ಧವಾಗಿ ಬಂದರೆ ಸಮಾಧಾನಪಡದೆ ಕೆಲವು ದಿನ ಬಿಟ್ಟು ಇನ್ನೊಂದು ಮಾದರಿ ಒಯ್ಯುತ್ತೇನೆ. ತಾಜಾ ಹಿಕ್ಕೆಯೇ ಬೇಕು, ಒಣಗಿದ್ದು ಪ್ರಯೋಜನಕ್ಕೆ ಬಾರದು.

ಚಿಕಿತ್ಸೆ ನಡೆಯುವಷ್ಟು ದಿನ ಮರಳು ತೆಗೆದು ಟಿಶ್ಯೂ ಕಾಗದ ಹಾಸುತ್ತೇನೆ, ಹಿಕ್ಕೆ ಬಿದ್ದ ಕೂಡಲೇ ಬದಲಿಸುತ್ತೇನೆ. ಆ ಹಲ್ಲಿಗೆಂದು ಇಟ್ಟಿದ್ದ ಹುಳುಗಳನ್ನೆಲ್ಲ ಎಸೆದು, ಡಬ್ಬಿಯನ್ನೂ ಬದಲಾಯಿಸಿ ಹೊಸ ಹುಳು ತರುತ್ತೇನೆ.