ಸೂತ್ರ ಮರೆತರೆ ಯೂನಿಟ್ ಹಿಡಿಯಿರಿ

ನಾನು ವಿಜಯನಗರದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಮೊದಲ ಪಾಠ ತಾರಸಿಯ ಮೇಲೆ. ಬೆಂಗಳೂರಲ್ಲಿ ಸೈಟು ಅಡಿಯಲ್ಲಿ, ಮಳೆ ಮಿಲಿಮೀಟರ್‌ನಲ್ಲಿ, ಸಂಪು ಲೀಟರ್‌ನಲ್ಲಿ. ತಾರಸಿಗೆ ಬಿದ್ದ ಮಳೆ ಎಷ್ಟು ಲೀಟರ್ ಅಂತ ತಿಳಿಯಲು ಮೂರನ್ನೂ ಸೇರಿಸುವುದು ಹೇಗೆ?

ಮೊದಲು ಎಲ್ಲವನ್ನೂ ಮೀಟರ್‌ಗೆ ತನ್ನಿ. 1 ಅಡಿ ಅಂದರೆ 0.3048 ಮೀಟರ್. 30×40 ತಾರಸಿ 1,200 ಚದರ ಅಡಿ. ಇದನ್ನು 0.3048ರಿಂದ ಎರಡು ಸಲ ಗುಣಿಸಬೇಕು, ಯಾಕೆಂದರೆ ವಿಸ್ತೀರ್ಣದಲ್ಲಿ ಉದ್ದ ಎರಡು ಸಲ ಇದೆ. ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಬರುವುದು ಸುಮಾರು 111.5 ಚದರ ಮೀಟರ್. 20 ಮಿಲಿಮೀಟರ್ ಮಳೆ ಅಂದರೆ 0.02 ಮೀಟರ್. ಗುಣಿಸಿದರೆ 2.23 ಘನ ಮೀಟರ್, ಅಂದರೆ 2,230 ಲೀಟರ್! ಒಂದು ಸಂಜೆಯ ಮಳೆಗೆ ಇಷ್ಟು ನೀರು. ಅದು ಚರಂಡಿಗೆ ಹರಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಪಂಪು. ಸೆಕೆಂಡಿಗೆ 1 ಲೀಟರ್ ನೀರನ್ನು 12 ಮೀಟರ್ ಎತ್ತಬೇಕು. ಸೂತ್ರ ನೆನಪಿಲ್ವಾ? ಪರವಾಗಿಲ್ಲ. ವ್ಯಾಟ್ ಬಿಡಿಸಿದರೆ ಕಿಲೋಗ್ರಾಂ ಇಂಟು ಮೀಟರ್ ವರ್ಗ, ಅದನ್ನು ಸೆಕೆಂಡಿನ ಘನದಿಂದ ಭಾಗಿಸಿದ್ದು. 1 ಲೀಟರ್ ನೀರಿನ ತೂಕ ಸುಮಾರು 1 ಕಿಲೋಗ್ರಾಂ, ಹಾಗಾಗಿ ನಮ್ಮ ಹತ್ತಿರ ಇರುವುದು ಸೆಕೆಂಡಿಗೆ 1 ಕಿಲೋಗ್ರಾಂ, ಗುರುತ್ವ 9.8 ಮೀಟರ್/ಸೆಕೆಂಡ್², ಎತ್ತರ 12 ಮೀಟರ್. ಮೂರನ್ನೂ ಗುಣಿಸಿ ನೋಡಿ, ಯೂನಿಟ್‌ಗಳು ತಾವೇ ಹೊಂದಿಕೊಳ್ಳುತ್ತವೆ. ಉತ್ತರ ಸುಮಾರು 118 ವ್ಯಾಟ್. 1 ಎಚ್‌ಪಿ ಅಂದರೆ 746 ವ್ಯಾಟ್. ಪೈಪು, ಮೋಟಾರಿನ ನಷ್ಟಕ್ಕೂ ಜಾಗ ಬಿಡಿ.

ಒಂದು ಎಚ್ಚರಿಕೆ. ಚಲನ ಶಕ್ತಿಯ ಸೂತ್ರ ½mv²ದಲ್ಲಿ ಆ ½ ಬಿಟ್ಟುಹೋದರೆ ಯೂನಿಟ್ ಹೇಳುವುದಿಲ್ಲ. ಆದರೆ ಯೂನಿಟ್ ಹೊಂದದಿದ್ದರೆ ಲೆಕ್ಕ ಖಂಡಿತ ತಪ್ಪು. 1999ರಲ್ಲಿ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಾಶವಾಗಿದ್ದು ಬಲದ ಎರಡು ಯೂನಿಟ್‌ಗಳಾದ ಪೌಂಡ್, ನ್ಯೂಟನ್ ಬೆರೆತಿದ್ದಕ್ಕೆ. ಹಾಗಾಗಿ ಪ್ರತಿ ಸಾಲಲ್ಲೂ ಅಂಕಿಯ ಪಕ್ಕ ಯೂನಿಟ್ ಬರೆಯಿರಿ.