ಯುರೋಪಿನ ಹಾರರ್ ಸಿನಿಮಾ: ಎಲ್ಲಿಂದ ಶುರು ಮಾಡೋದು, ಹೇಗೆ ನೋಡೋದು

ಹಾರರ್ ಅಂದ್ರೆ ನಮ್ಮ ಕಡೆ ಬಹಳ ಮಂದಿಗೆ ನೆನಪಾಗೋದು ರಾಮ್ಸೆ ಬ್ರದರ್ಸ್ ಮಾಡಿದ ಹಿಂದಿ ಸಿನಿಮಾಗಳು, ಇಲ್ಲಾಂದ್ರೆ ಧಡಕ್ಕಂತ ಒಂದು ಮುಖ ತೋರಿಸಿ ಕಿರುಚಿಸೋ ಅಮೆರಿಕದ ಸಿನಿಮಾಗಳು. ಯುರೋಪಿನವು ಬೇರೆ. ಬೆಚ್ಚಿಬೀಳಿಸೋಕೆ ಅವಸರ ಮಾಡಲ್ಲ. ಮೊದಲು ಒಂದು ಮನೆ, ಒಂದು ಊರು, ಒಂದು ಸಂಸಾರ ತೋರಿಸಿ, ನಮ್ಮನ್ನು ಅದರೊಳಗೆ ಕೂರಿಸಿ, ಆಮೇಲೆ ಒಂದೊಂದೇ ಬಾಗಿಲು ಹಾಕಿಕೊಂಡು ಬರುತ್ತವೆ. ಹುಬ್ಬಳ್ಳಿ-ಧಾರವಾಡದ ನನ್ನ ಗೆಳೆಯರಿಗೆ ಯಾವುದಾದರೂ ಹೆಸರು ಹೇಳಿದರೆ ಸಾಮಾನ್ಯವಾಗಿ ಬರೋ ಉತ್ತರ, "ಅರ್ಧ ತಾಸಾದ್ರೂ ಏನೂ ಆಗಂಗಿಲ್ಲಲೇ". ಆದರೆ ಮುಂದಿನ ಭಯ ಎಲ್ಲಾ ತಯಾರಾಗೋದು ಆ ಅರ್ಧ ತಾಸಿನಲ್ಲೇ. ಅಷ್ಟು ಹೊತ್ತು ಫೋನ್ ಪಕ್ಕದ ಕೋಣೆಯಲ್ಲಿ ಇಡಿ.

ಕಾಲ ಯಾವುದು ಅಂದ್ರೆ ಮಳೆಗಾಲ. ಧಾರವಾಡದಲ್ಲಿ ಜುಲೈ ತಿಂಗಳ ಜಿಟಿಜಿಟಿ ಮಳೆ ಹಿಡಿದಾಗ ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ ಕೂತ್ಕೊಳ್ಳಿ. ಸಪ್ತಾಪುರದ ಕಡೆ ರೂಮ್ ಮಾಡಿಕೊಂಡು ಓದುತ್ತಿರುವವರಿಗೆ ದೊಡ್ಡ ಟಿವಿ ಇರಲ್ಲ, ಪರವಾಗಿಲ್ಲ, ಲ್ಯಾಪ್‌ಟಾಪ್ ಸಾಕು. ಆದರೆ ಕಿವಿಗೆ ಒಳ್ಳೆ ಹೆಡ್‌ಫೋನ್ ಬೇಕೇ ಬೇಕು. ಈ ಸಿನಿಮಾಗಳ ಅರ್ಧ ಕೆಲಸ ಶಬ್ದದ್ದೇ.

ಇದು ಎಷ್ಟು ನಿಜ ಅಂತ ಗೊತ್ತಾಗಬೇಕಾದರೆ ಡಾರಿಯೋ ಅರ್ಜೆಂಟೋನ 'ಸುಸ್ಪಿರಿಯಾ' ಹಾಕಿ. 1977ರ ಇಟಲಿ ಸಿನಿಮಾ. ಡ್ಯಾನ್ಸ್ ಕಲಿಯೋಕೆ ಅಂತ ಅಮೆರಿಕದ ಹುಡುಗಿಯೊಬ್ಬಳು ಜರ್ಮನಿಯ ವಿಮಾನ ನಿಲ್ದಾಣದಲ್ಲಿ ಇಳಿದು ಹೊರಗೆ ನಡೆದು ಬರುತ್ತಿದ್ದಾಳೆ, ಅಷ್ಟೇ. ದೂರದ ಗಾಜಿನ ಬಾಗಿಲು ತೆರೆದಾಗ ಹೊರಗಿನ ಮಳೆ-ಗಾಳಿ ಜೊತೆಗೆ ಸಂಗೀತವೂ ಒಳಗೆ ಬರುತ್ತೆ. ಬಾಗಿಲು ಮುಚ್ಚಿದ ಕೂಡಲೇ ಸಂಗೀತ ಬಂದ್. ಮತ್ತೆ ತೆರೆಯುತ್ತೆ, ಮತ್ತೆ ಸಂಗೀತ. ಒಳಗೆ ಬರೀ ನಿಲ್ದಾಣದ ಗದ್ದಲ, ಹೊರಗೆ ಇನ್ನೇನೋ ಕಾಯುತ್ತಿದೆ. ಇನ್ನೂ ಒಂದು ಮಾತೂ ಆಡಿಲ್ಲ, ಒಂದು ಹನಿ ರಕ್ತವೂ ಬಿದ್ದಿಲ್ಲ, ಆದರೂ ಆ ಹುಡುಗಿ ಬಾಗಿಲು ದಾಟಬಾರದು ಅಂತ ನಮಗೆ ಅನ್ನಿಸಿಬಿಟ್ಟಿರುತ್ತೆ. ಆ ಸಂಗೀತ ಗಾಬ್ಲಿನ್ ಅನ್ನೋ ಬ್ಯಾಂಡಿನದು. ಶಾಲೆಯೊಳಗೆ ಹೋದ ಮೇಲೆ ಬಾಗಿಲ ಹಿಡಿಗಳನ್ನು ಗಮನಿಸಿ, ಹುಡುಗಿಯರ ತಲೆಯ ಎತ್ತರಕ್ಕೆ ಇಟ್ಟಿದ್ದಾರೆ. ಮೊದಲು ಈ ಪಾತ್ರಗಳು ಚಿಕ್ಕ ಹುಡುಗಿಯರೇ ಆಗಬೇಕು ಅಂತ ಅರ್ಜೆಂಟೋ ಅಂದುಕೊಂಡಿದ್ದ. ಅದು ಆಗಲಿಲ್ಲ, ಆದರೆ ಹಿಡಿ ಮೇಲಿದ್ದರೆ ದೊಡ್ಡವರೂ ಮಕ್ಕಳ ಹಾಗೆ ಕಾಣ್ತಾರಲ್ವಾ, ಅದಕ್ಕೆ ಹಾಗೆ ಮಾಡಿಸಿದ. 2018ರಲ್ಲಿ ಇದೇ ಹೆಸರಿನ ಇನ್ನೊಂದು ಸಿನಿಮಾ ಬಂತು. ಆ ಕೆಂಪು, ಆ ನೀಲಿ ಬಣ್ಣಗಳನ್ನೇ ಅದು ತೆಗೆದುಹಾಕಿದೆ. ನನಗೆ ಹಿಡಿಸಲಿಲ್ಲ. ಮೊದಲು ಹಳೆಯದನ್ನೇ ನೋಡಿ.

ಡಬ್ಬಿಂಗ್ ವಿಷಯಕ್ಕೆ ಬಂದರೆ ನನ್ನ ನಿಯಮ ಸುಲಭ. ಯಾವ ದೇಶದ್ದೋ ಆ ದೇಶದ ಭಾಷೆ, ಕೆಳಗೆ ಸಬ್‌ಟೈಟಲ್. ಇಟಲಿಯ ಹಳೆಯ ಸಿನಿಮಾಗಳಿಗೆ ಮಾತ್ರ ಇದು ಬೇಕಿಲ್ಲ. ಆಗ ಅಲ್ಲಿ ಧ್ವನಿಯನ್ನೆಲ್ಲಾ ಚಿತ್ರೀಕರಣ ಮುಗಿದ ಮೇಲೆ ಸೇರಿಸುತ್ತಿದ್ದರು, ಬೇರೆ ಬೇರೆ ದೇಶದ ನಟರು ಸೆಟ್‌ನಲ್ಲಿ ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದರು. ಹಾಗಾಗಿ ಇಂಗ್ಲಿಷ್ ಧ್ವನಿ ಹಾಕಿಕೊಂಡರೂ ಏನೂ ಕಳ್ಕೊಳ್ಳಲ್ಲ. ಅರ್ಜೆಂಟೋನದೇ 'ಪ್ರೊಫೊಂಡೋ ರೊಸ್ಸೊ' (1975) ನೋಡೋದಾದರೆ ಎರಡು ತಾಸಿಗಿಂತ ಜಾಸ್ತಿ ಇರೋ ಇಟಲಿಯ ಆವೃತ್ತಿಯನ್ನೇ ಹುಡುಕಿ. ಹೊರದೇಶಕ್ಕೆ ಕಳಿಸಿದ್ದರಲ್ಲಿ 20 ನಿಮಿಷಕ್ಕೂ ಹೆಚ್ಚು ಕತ್ತರಿಸಿದ್ದಾರೆ.

ಪ್ರಿಂಟ್ ನೋಡಿ ಆರಿಸೋದು ಇನ್ನೂ ಮುಖ್ಯ. 1922ರ ಜರ್ಮನ್ ಸಿನಿಮಾ 'ನೊಸ್ಫೆರಾಟು'ದ ಕೆಟ್ಟ ಕಪ್ಪು-ಬಿಳುಪು ಪ್ರತಿಗಳು ಇಂಟರ್‌ನೆಟ್ ತುಂಬಾ ಬಿದ್ದಿವೆ. ಅದರಲ್ಲಿ ರಕ್ತ ಕುಡಿಯೋ ಪಿಶಾಚಿ ಮಟಮಟ ಮಧ್ಯಾಹ್ನ ಶವಪೆಟ್ಟಿಗೆ ಹೊತ್ತುಕೊಂಡು ಓಡಾಡಿದ ಹಾಗೆ ಕಾಣುತ್ತೆ, ನೋಡಿದವರಿಗೆ ನಗು ಬರುತ್ತೆ. ಕಾರಣ, ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ಚಿತ್ರಿಸಿ ಆಮೇಲೆ ಆ ಭಾಗದ ಫಿಲ್ಮಿಗೆ ನೀಲಿ ಬಣ್ಣ ಕೊಡುತ್ತಿದ್ದರು. ನೀಲಿ ಹೋಯ್ತು ಅಂದ್ರೆ ರಾತ್ರಿಯೂ ಹೋಯ್ತು. ಆದ್ದರಿಂದ ಬಣ್ಣ ಮರಳಿ ಕೊಟ್ಟಿರುವ ಪ್ರತಿಯನ್ನೇ ನೋಡಿ. ಡ್ರಾಕುಲಾ ಕತೆಯನ್ನು ಅನುಮತಿ ಇಲ್ಲದೆ ಬಳಸಿದ್ದಕ್ಕೆ ಲೇಖಕನ ಹೆಂಡತಿ ಕೋರ್ಟಿಗೆ ಹೋಗಿ, ಎಲ್ಲಾ ಪ್ರತಿಗಳನ್ನೂ ನಾಶಮಾಡಿ ಅಂತ ಆದೇಶ ಆಗಿತ್ತು. ಹೇಗೋ ಕೆಲವು ಉಳಿದವು. ಅದು ಉಳಿದಿದ್ದು ನಮ್ಮ ಪುಣ್ಯ ಅಂತಲೇ ನಾನು ಅಂದುಕೊಂಡಿದ್ದೇನೆ.

ಆದರೆ ಶುರು ಮಾಡೋದು ಮೂಕಿ ಚಿತ್ರದಿಂದ ಬೇಡ. ಮೊದಲು ಸ್ವೀಡನ್ನಿನ 'ಲೆಟ್ ದ ರೈಟ್ ಒನ್ ಇನ್' (2008). ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದನ್ನು ನೋಡಿ ಬೆಳೆದವರಿಗೆ ಇದು ಬೇಗ ನಾಟುತ್ತೆ. ಇಲ್ಲಿನ ಪಿಶಾಚಿ, ನೋಡೋಕೆ ಹನ್ನೆರಡು ವರ್ಷದ ಮಗು, ಮನೆಯವರು ಒಳಗೆ ಕರೆಯದೆ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಏನಾಗುತ್ತೆ ಅನ್ನೋದನ್ನು ಒಂದೇ ಒಂದು ಸಲ, ಒಂದು ಸಾಧಾರಣ ಫ್ಲ್ಯಾಟಿನ ಬಾಗಿಲಲ್ಲಿ ತೋರಿಸ್ತಾರೆ. ಆ ದೃಶ್ಯ ಏನು ಅಂತ ನಾನು ಹೇಳಲ್ಲ.

ಎರಡನೆಯದು ಡೆನ್ಮಾರ್ಕಿನ 'ಸ್ಪೀಕ್ ನೋ ಈವಿಲ್' (2022). ಇದರ ಬಗ್ಗೆ ಎಷ್ಟು ಹೇಳಿದರೂ ಕಮ್ಮಿ. ಇಟಲಿ ಪ್ರವಾಸದಲ್ಲಿ ಪರಿಚಯವಾದ ಡಚ್ ಗಂಡ-ಹೆಂಡತಿಯ ಮನೆಗೆ ಒಂದು ಡೇನಿಶ್ ಸಂಸಾರ ಹೋಗುತ್ತೆ. ಬಂದಾಕೆ ಮಾಂಸ ತಿನ್ನಲ್ಲ, ಅದು ಮನೆಯ ಯಜಮಾನನಿಗೆ ಗೊತ್ತಿದೆ. ಆದರೂ ಹಂದಿ ಮಾಂಸದ ಒಂದು ಚೂರು ಬಾಯಿ ಹತ್ತಿರ ಹಿಡೀತಾನೆ. ಆಕೆ ಗಂಡನ ಮುಖ ನೋಡ್ತಾಳೆ, ಆತ ಸುಮ್ನೆ ಇರ್ತಾನೆ, ಆಕೆ ತಿಂತಾಳೆ. ಅಷ್ಟೇ ದೃಶ್ಯ. "ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ, ಬ್ಯಾಡ ಅನಬ್ಯಾಡ್ರಿ" ಅನ್ನೋ ಮನೆಗಳಲ್ಲಿ ಬೆಳೆದ ನಮಗೆ, ಕರೆದವರ ಮನಸ್ಸು ನೋಯಿಸಬಾರದು ಅಂತ ನುಂಗಿಕೊಂಡೇ ಅಭ್ಯಾಸ ಇರೋ ನಮಗೆ, ಇದು ಬೇರೆ ಯಾರಿಗಿಂತಲೂ ಹೆಚ್ಚು ಅರ್ಥವಾಗುತ್ತೆ ಅನ್ನೋದು ನನ್ನ ನಂಬಿಕೆ. ಎದ್ದು ಹೋಗ್ರೋ ಅಂತ ಕೂಗಬೇಕು ಅನಿಸುತ್ತೆ. 2024ರ ಅಮೆರಿಕದ ರೀಮೇಕ್ ಕೊನೆಯನ್ನೇ ಬದಲಾಯಿಸಿ, ಈ ನೋವನ್ನೆಲ್ಲಾ ಹಗುರ ಮಾಡಿಬಿಟ್ಟಿದೆ. ಅದನ್ನು ಮೊದಲು ನೋಡಲೇಬೇಡಿ.

ಹಳೆಯದರಲ್ಲಿ ಫ್ರಾನ್ಸಿನ 'ಲೆ ಡಿಯಾಬೊಲಿಕ್' (1955) ಮನೆಮಂದಿ ಜೊತೆ ಕೂತು ನೋಡಬಹುದು, ಪತ್ತೇದಾರಿ ಕಾದಂಬರಿ ಓದೋ ಅತ್ತೆ-ಮಾವನಿಗೂ ಹಿಡಿಸುತ್ತೆ. ಚಳಿಗಾಲದ ವೆನಿಸ್ಸಿನಲ್ಲಿ ನಡೆಯೋ 'ಡೋಂಟ್ ಲುಕ್ ನೌ' (1973) ಒಬ್ಬರೇ ನೋಡಿ, ಕೆಂಪು ಬಣ್ಣ ಎಲ್ಲೆಲ್ಲಿ ಬರುತ್ತೆ ಅಂತ ಹಿಂಬಾಲಿಸಿ. ಚಿಕ್ಕ ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಮಾತ್ರ ಅದನ್ನು ತೋರಿಸಬೇಡಿ. ಫ್ರಾನ್ಸಿನ ಈಚಿನ ರಕ್ತಮಯ ಸಿನಿಮಾಗಳು, 2008ರ 'ಮಾರ್ಟರ್ಸ್' ಥರದವು, ಹೊಸಬರಿಗೆ ಬೇಡವೇ ಬೇಡ.

ಮೊದಲೇ ಬೆಚ್ಚಿಬೀಳಲೇಬೇಕು ಅನ್ನೋ ಗೆಳೆಯ ಜೊತೆಗಿದ್ದರೆ ಸ್ಪೇನಿನ 'ರೆಕ್' (2007) ಹಾಕಿ. ಒಂದೂವರೆ ತಾಸೂ ಇಲ್ಲ. ಬಾರ್ಸಿಲೋನಾದ ಒಂದು ಅಪಾರ್ಟ್‌ಮೆಂಟ್, ಒಬ್ಬ ಟಿವಿ ವರದಿಗಾರ್ತಿ, ಒಂದೇ ಕ್ಯಾಮೆರಾ. ಇದನ್ನು ಮಾತ್ರ ಜೋರು ಸೌಂಡ್ ಇಟ್ಟು ನಾಲ್ಕು ಮಂದಿ ಕೂಡಿ ನೋಡಿ. 2009ರ ಎರಡನೇ ಭಾಗ ಅದೇ ರಾತ್ರಿಯನ್ನು ಮುಂದುವರಿಸುತ್ತೆ, ಹಾಗಾಗಿ ಎರಡನ್ನೂ ಒಂದೇ ಕೂತಲ್ಲಿ ಮುಗಿಸಬಹುದು. ಮೂರು, ನಾಲ್ಕನೇ ಭಾಗ ಬಿಟ್ಟುಬಿಡಿ.